ಬರವಣಿಗೆಯೆಂಬ ಸ್ವಾಧ್ಯಾಯ

ಮಹಾವೀರ ಜಯಂತಿ ಸಮೀಪಿಸಿತೆಂದರೆ ಬಸದಿಗಳ ಆಡಳಿತ ಮಂಡಳಿಗಳೂ ಯುವಕ ಸಂಘಗಳೂ ವಿದ್ಯಾರ್ಥಿಗಳಿಗಾಗಿ ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸುವುದು ವಾಡಿಕೆ. ವಿಷಯ ಬಹುಮಟ್ಟಿಗೆ ಅಹಿಂಸೆ, ಅಪರಿಗ್ರಹ, ಇಲ್ಲವೇ ವಿಶ್ವಶಾಂತಿ. ಬಂದ ಬರಹಗಳನ್ನು ಓದಲು ಕುಳಿತ ತೀರ್ಪುಗಾರರಿಗೆ ಒಂದು ಸಂಗತಿ ಬೇಗನೆ ಗೋಚರಿಸುತ್ತದೆ: ಕೈಬರಹ ಬೇರೆ, ಹೆಸರು ಬೇರೆ, ಊರು ಬೇರೆ, ಒಳಗಿನ ಮಾತು ಮಾತ್ರ ಒಂದೇ. ಅಲ್ಲಿ ಸುಳ್ಳೆನ್ನುವಂಥದು ಯಾವುದೂ ಇರುವುದಿಲ್ಲ. ಆದರೆ ಬರೆದವನದೇ ಆದ ಒಂದು ವಾಕ್ಯವನ್ನು ಹುಡುಕಿದರೂ ಸಿಕ್ಕುವುದಿಲ್ಲ. ಈಚೆಗಂತೂ ಕೈಯಲ್ಲಿರುವ ಮೊಬೈಲಿಗೆ ವಿಷಯವನ್ನು ತಿಳಿಸಿದರೆ ಸಾಕು, ಅಚ್ಚುಕಟ್ಟಾದ ಪ್ರಬಂಧ ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ. ಅಹಿಂಸೆಯ ಬಗ್ಗೆ ನಾಲ್ಕು ಪುಟ ಬರೆದವನು ಅಹಿಂಸೆಯ ಬಗ್ಗೆ ನಾಲ್ಕು ನಿಮಿಷವಾದರೂ ಯೋಚಿಸದೆ ಇರಬಹುದಾದ ಸ್ಥಿತಿ ಇದು.

ಇದು ಕೇವಲ ಶಾಲೆಯ ಅಭ್ಯಾಸದ ದೋಷವೇ, ಅಥವಾ ನೈತಿಕ ಲೋಪವೂ ಹೌದೇ? ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಶಾಸ್ತ್ರ ಹೇಳುತ್ತದೆ. ಹಾಗೆಂದ ಮಾತ್ರಕ್ಕೆ ಹಿಂದಿನವರ ಮಾತನ್ನು ಮುಟ್ಟಲೇ ಕೂಡದೆಂದು ಅರ್ಥವಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಕ್ರಿ.ಶ. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಅರುವತ್ತಮೂರು ಶಲಾಕಾಪುರುಷರ ಆ ಕಥೆ ಅವನದಲ್ಲ. ಜಿನಸೇನ, ಗುಣಭದ್ರ ಮೊದಲಾದ ಆಚಾರ್ಯರಿಂದ ಸಂಸ್ಕೃತದಲ್ಲಿ ಇಳಿದು ಬಂದದ್ದು. ಆ ಪರಂಪರೆಗೆ ತಲೆಬಾಗಿದವನು ಅದನ್ನು ತನ್ನ ನಾಡಿನ ಜನರ ಕಿವಿಗೆ ಹೊಂದುವ ಗದ್ಯದಲ್ಲಿ ಹೇಳಿದನು. ಪಡೆದುದನ್ನು ಪಡೆದುದೆಂದು ಒಪ್ಪಿ, ಅದಕ್ಕೆ ತನ್ನ ಶ್ರಮವನ್ನು ಕೂಡಿಸುವುದು ಋಣವೇ ಹೊರತು ಕಳವಲ್ಲ. ಋಣವನ್ನು ಮರೆಮಾಡಿ, ಶ್ರಮವನ್ನೂ ಕೂಡಿಸದೆ, ಕೆಳಗೆ ತನ್ನ ಹೆಸರನ್ನು ಬರೆದಾಗ ಅಸ್ತೇಯಕ್ಕೆ ಭಂಗ ಬರುತ್ತದೆ.

ಹಾಗಾದರೆ ಬರಹವು ತನ್ನದಾಗುವುದು ಹೇಗೆ? ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಆರು ಅಂತರಂಗ ತಪಸ್ಸುಗಳಲ್ಲಿ ಒಂದಾದ ಸ್ವಾಧ್ಯಾಯಕ್ಕೆ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಐದು ಅಂಗಗಳನ್ನು ಹೇಳಿದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು, ಪ್ರಶ್ನಿಸುವುದು, ಮನನ ಮಾಡುವುದು, ಶುದ್ಧವಾಗಿ ಮರಳಿ ಮರಳಿ ಉಚ್ಚರಿಸುವುದು, ಕೊನೆಗೆ ಇತರರಿಗೆ ಹೇಳುವುದು. ಇಲ್ಲಿಯ ಕ್ರಮವನ್ನು ಗಮನಿಸಬೇಕು. ಉಪದೇಶಕ್ಕೆ ಐದನೆಯ ಸ್ಥಾನ. ಸ್ಪರ್ಧೆಯ ಪ್ರಬಂಧಗಳು ಮೊದಲನೆಯದರಿಂದ ಐದನೆಯದಕ್ಕೆ ಒಮ್ಮೆಗೇ ನೆಗೆಯುತ್ತವೆ. ನಡುವಿನ ಮೂರು ಮೆಟ್ಟಿಲುಗಳನ್ನು ತುಳಿಯದವನಿಗೆ ತನ್ನದೇ ಆದ ಬರವಣಿಗೆಯ ಮಾರ್ಗ ದೊರೆಯುವುದು ಕಷ್ಟ.

ಉದಾಹರಣೆಗೆ, ಆಲೂರು ತಾಲ್ಲೂಕಿನ ಮಗ್ಗೆಯ ಕಡೆಯ ಒಬ್ಬ ವಿದ್ಯಾರ್ಥಿನಿ ಅಹಿಂಸೆಯನ್ನು ಕುರಿತು ಬರೆಯಲು ಕುಳಿತಳೆಂದು ಭಾವಿಸೋಣ. ಓದಬೇಕಾದುದನ್ನು ಓದಿ ಪುಸ್ತಕವನ್ನು ಮುಚ್ಚಿದ್ದಾಳೆ; ವಾಚನೆ ಮುಗಿಯಿತು. ಪೃಚ್ಛನೆಗೆ ಅವಳು ಮನೆಯ ಬಾಗಿಲನ್ನು ತೆರೆದು ನೋಡಿದರೆ ಸಾಕು. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕಾಫಿತೋಟದ ನೆರಳಿನಲ್ಲೇ ಕಾಡಾನೆಗಳ ಹಿಂಡು ಬೀಡುಬಿಡುತ್ತದೆ. ಕೊಯ್ಲಿಗೆ ಬಂದ ಗದ್ದೆ ಒಂದೇ ರಾತ್ರಿಯಲ್ಲಿ ತುಳಿತಕ್ಕೆ ಸಿಕ್ಕಿ ಹಾಳಾಗುತ್ತದೆ. ಮುಂಜಾನೆ ಕೆಲಸಕ್ಕೆ ಹೊರಟ ತೋಟದ ಕೂಲಿಯವರು ಆನೆಗೆ ಎದುರಾಗಿ ಪ್ರಾಣ ಕಳೆದುಕೊಂಡದ್ದುಂಟು. ಅಕ್ರಮವಾಗಿ ವಿದ್ಯುತ್ ಹರಿಸಿದ ತಂತಿಗೆ ತಗುಲಿ ಆನೆಗಳು ಸತ್ತದ್ದೂ ಉಂಟು. ಈಗ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಶ್ರಾವಕನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ತಿಯಾಗಿ ಬಿಡಬೇಕು, ಉಳಿದವನ್ನು ಆದಷ್ಟು ಕಡಮೆ ಮಾಡಬೇಕು ಎಂದಿದ್ದಾರೆ. ಬೆಳೆಯ ರಕ್ಷಣೆಗೆ ಹಾಕಿದ ಬೇಲಿ ಯಾವ ಬಗೆಯದು? ಮಿಡಿತದಂತೆ ಕ್ಷಣಕಾಲ ತಟ್ಟಿ ಪ್ರಾಣಿಯನ್ನು ಹಿಮ್ಮೆಟ್ಟಿಸುವ ಸೌರಶಕ್ತಿಯ ಬೇಲಿಗೂ, ಮುಟ್ಟಿದ್ದು ಸಾಯುತ್ತದೆಂದು ತಿಳಿದೂ ಕಂಬದಿಂದ ನೇರವಾಗಿ ಕರೆಂಟು ಕೊಟ್ಟ ತಂತಿಗೂ ವ್ಯತ್ಯಾಸವಿಲ್ಲವೇ? ತೋಟ ಯಾರದು, ನಸುಕಿನಲ್ಲಿ ಆ ತೋಟದ ದಾರಿಯನ್ನು ತುಳಿಯುವವರು ಯಾರು? ಆನೆಯನ್ನು ಕೊಲ್ಲಬಾರದೆಂದು ಹೇಳುವ ಬಾಯಿ ಆ ಕೂಲಿಯವನ ಮನೆಯ ಮುಂದೆಯೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಬಲ್ಲುದೇ?

ಈ ಪ್ರಶ್ನೆಗಳು ಯಾವ ಗೈಡಿನಲ್ಲಿಯೂ ಇಲ್ಲ. ಇವನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು, ಉತ್ತರಕ್ಕೆ ಅವಸರಪಡದೆ, ಎರಡು ಮೂರು ದಿನ ಮನಸ್ಸಿನಲ್ಲಿ ಹೊತ್ತು ತಿರುಗುವುದೇ ಅನುಪ್ರೇಕ್ಷೆ. ಆಗ ತಿಳಿದದ್ದನ್ನೂ ತಿಳಿಯದ್ದನ್ನೂ ಬೇರ್ಪಡಿಸಿಕೊಳ್ಳುವ ಕೆಲಸ ನಡೆಯಬೇಕು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಯ ವೇಳೆ, ಅರ್ಜುನನೆಂಬ ಸಾಕಾನೆ ಕಾಡಾನೆಯೊಡನೆ ಸೆಣಸಿ ಸತ್ತಿತು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಆನೆ ಅದು. ನಾಡೆಲ್ಲ ಮರುಗಿತು, ಸಾವಿನ ಕಾರಣವನ್ನು ಕುರಿತು ನಾನಾ ಮಾತುಗಳು ಹಬ್ಬಿದವು. ಇಂಥ ಘಟನೆಯನ್ನು ಪ್ರಬಂಧಕ್ಕೆ ತರುವವರು ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ಮೂರು ಸಾಲು ಮಾಡಿಕೊಳ್ಳುವುದು ಒಳ್ಳೆಯದು. ಊಹೆಯನ್ನು ಕಂಡಂತೆ ಬರೆದರೆ ಸತ್ಯವ್ರತಕ್ಕೆ ಕುಂದು. ಒಂದು ದೃಷ್ಟಿಯಿಂದ ಹೀಗೆ, ಮತ್ತೊಂದು ದೃಷ್ಟಿಯಿಂದ ಹಾಗೆ ಎಂದು ಮಾತಿನ ಮಿತಿಯನ್ನು ಒಪ್ಪಿಕೊಳ್ಳುವ ಸ್ಯಾದ್ವಾದವು ಪಂಡಿತರ ವಾದಸಭೆಗೆ ಮಾತ್ರ ಮೀಸಲಾದುದಲ್ಲ. ಹತ್ತನೆಯ ತರಗತಿಯ ಪ್ರಬಂಧಕ್ಕೂ ಅದು ಬೇಕು.

ನಾಲ್ಕನೆಯದು ಆಮ್ನಾಯ. ಉಚ್ಚಾರಣೆ ಶುದ್ಧವಾಗುವವರೆಗೆ ಪಾಠವನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು ಅದರ ಮೂಲಾರ್ಥ. ಬರೆದುದನ್ನು ಗಟ್ಟಿಯಾಗಿ ಓದಿ ತಿದ್ದುವುದಕ್ಕೂ ಆ ಹೆಸರು ಒಪ್ಪುತ್ತದೆ. ಎರವಲು ಮಾತು ಕಣ್ಣಿಗೆ ಸಿಕ್ಕದೆ ತಪ್ಪಿಸಿಕೊಳ್ಳಬಹುದು, ನಾಲಗೆಗೆ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಅಜ್ಜಿಯೆದುರಿಗೆ ಓದಲು ಸಂಕೋಚವಾಗುವ ವಾಕ್ಯ ಬರೆದವರದಲ್ಲವೆಂದೇ ತಿಳಿಯಬಹುದು. ಇಷ್ಟಾದ ಮೇಲೆ ಉಳಿಯುವ ನಾಲ್ಕು ಮಾತೇ ಧರ್ಮೋಪದೇಶ; ಅದು ಚಿಕ್ಕದಾಗಿದ್ದಷ್ಟೂ ಒಳಿತು.

ಈ ಐದು ಮೆಟ್ಟಿಲುಗಳನ್ನು ಎಲ್ಲರೂ ಒಂದೇ ನಡಿಗೆಯಲ್ಲಿ ಏರಬೇಕೆಂದೇನೂ ಇಲ್ಲ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಊರಿನ ಜನರ ನಡೆನುಡಿಗಳನ್ನೇ ಬರಹಕ್ಕೆ ವಸ್ತುವಾಗಿಸಿಕೊಂಡರು. ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಬಂದಿತು. ನೆರೆಯ ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ, ಹುಳು, ಬೇಟೆನಾಯಿ, ನೆರೆಹೊರೆಯವರು ಎಲ್ಲರನ್ನೂ ಕುತೂಹಲದಿಂದ ಗಮನಿಸಿ ಬರೆದರು. ಫ್ರಾನ್ಸಿನ ಮಾಂಟೇನ್ 1580ರಲ್ಲಿ ತನ್ನ ಬರಹಗಳನ್ನು ಮೊದಲು ಪ್ರಕಟಿಸಿದಾಗ ಅವಕ್ಕೆ ಪ್ರಯತ್ನ, ಪರೀಕ್ಷೆ ಎಂಬ ಅರ್ಥದ ಹೆಸರನ್ನಿಟ್ಟನು. 1592ರಲ್ಲಿ ಸಾಯುವ ತನಕವೂ ಅಚ್ಚಾದ ಪುಸ್ತಕದ ಅಂಚಿನಲ್ಲಿ ಹೊಸ ಮಾತುಗಳನ್ನು ಸೇರಿಸುತ್ತಲೇ ಇದ್ದನು. ಇವರ ದಾರಿಗಳು ಬೇರೆ ಬೇರೆ. ತಾವು ಬಲ್ಲ ನೆಲದ ಮೇಲೆ ನಿಂತು ಬರೆದದ್ದು ಮೂವರಿಗೂ ಸಮಾನ. ಸ್ವಂತ ಶೈಲಿಯೆಂದರೆ ಹಿಂದೆ ಯಾರೂ ಹೇಳದುದನ್ನು ಹೇಳುವ ಚಮತ್ಕಾರವೆಂದು ಎಳೆಯರು ಭ್ರಮಿಸುವುದುಂಟು. ಹಳೆಯ ಸತ್ಯವನ್ನೇ ತನ್ನ ಅಂಗಳದಲ್ಲಿ ಪರೀಕ್ಷಿಸಿ ನೋಡಿದವನ ಮಾತಿಗೆ ಸ್ವಂತಿಕೆ ತಾನಾಗಿಯೇ ಬರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಸ್ಪರ್ಧೆಗಳನ್ನು ನಡೆಸುವ ಟ್ರಸ್ಟುಗಳ ಹೊಣೆಯೂ ಕಿರಿದಲ್ಲ. ‘ಅಹಿಂಸೆಯ ಮಹತ್ವ’ ಎಂಬ ವಿಷಯವನ್ನು ಕೊಟ್ಟರೆ ಮಹತ್ವದ ಪಟ್ಟಿಯೇ ಬರುತ್ತದೆ. ‘ನಮ್ಮ ಊರಿನಲ್ಲಿ ಅಹಿಂಸೆಯನ್ನು ಪಾಲಿಸಲು ಕಷ್ಟವಾದ ಒಂದು ಸಂದರ್ಭ’ ಎಂದು ಕೇಳಿದರೆ ಮಕ್ಕಳು ಮನೆಯವರನ್ನು ವಿಚಾರಿಸಬೇಕಾಗುತ್ತದೆ, ಗದ್ದೆಗೆ ಹೋಗಿ ನೋಡಬೇಕಾಗುತ್ತದೆ. ಬರೆದವರನ್ನು ಕರೆದು ಐದು ನಿಮಿಷ ಮಾತನಾಡಿಸುವ ಪದ್ಧತಿಯನ್ನು ಇಟ್ಟರೆ ಯಂತ್ರದ ಪ್ರಬಂಧ ಯಾವುದು, ಮನಸ್ಸಿನದು ಯಾವುದು ಎಂಬುದೂ ತಿಳಿಯುತ್ತದೆ. ಎಲ್ಲವನ್ನೂ ಬಲ್ಲಂತೆ ಮುಗಿಯುವ ಪ್ರಬಂಧಕ್ಕಿಂತ, ಪ್ರಾಮಾಣಿಕವಾದ ಒಂದು ಪ್ರಶ್ನೆಯ ಮುಂದೆ ನಿಂತುಬಿಟ್ಟ ಪ್ರಬಂಧಕ್ಕೆ ಬಹುಮಾನ ಕೊಡಲು ತೀರ್ಪುಗಾರರು ಹಿಂಜರಿಯಬಾರದು. ಬಹುಮಾನದ ಲೋಟವೋ ತಟ್ಟೆಯೋ ಕಾಲಕ್ರಮದಲ್ಲಿ ಅಟ್ಟ ಸೇರುತ್ತದೆ. ವಿದ್ಯುತ್ ತಂತಿಯನ್ನು ಬೇಲಿಗೆ ಬಿಗಿಯಬೇಕೇ ಬೇಡವೇ ಎಂದು ಮುಂದೊಂದು ದಿನ ಸ್ವತಃ ನಿರ್ಧರಿಸಬೇಕಾಗಿ ಬಂದಾಗ, ಬಾಯಿಪಾಠ ಮಾಡಿದ ಪುಟಗಳು ಅವಳ ಕೈಯನ್ನು ತಡೆಯಲಾರವು. ತಾನೇ ಕೇಳಿಕೊಂಡ ಪ್ರಶ್ನೆ ತಡೆದೀತು.