ಅನ್ನದ ಜೊತೆಗೆ ಕಾಯಕವೂ ಬೇಕು

ನಿಮ್ಮ ನೆರೆಮನೆಯಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗನೊಬ್ಬನಿದ್ದಾನೆಂದು ಭಾವಿಸಿರಿ. ಆತನಿಗೆ ಹೊತ್ತುಹೊತ್ತಿಗೆ ಊಟವಿದೆ, ತಾಯ್ತಂದೆಗಳ ಮಮತೆಯಿದೆ. ಆದರೆ ಮೂವತ್ತು ವರ್ಷ ತುಂಬಿದರೂ ಯಾರೂ ಆತನಿಗೆ ಒಂದು ಕೆಲಸವನ್ನು ನಂಬಿ ಒಪ್ಪಿಸಿಲ್ಲ. ಇದು ಕರುಣೆಯೋ, ಕರುಣೆಯ ಹೆಸರಿನಲ್ಲಿ ನಡೆದ ಅನ್ಯಾಯವೋ?

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಿಲ್ಲ. ದುಡಿದು ಗಳಿಸಿದ್ದೇ ದಾಸೋಹಕ್ಕೆ ಸಲ್ಲತಕ್ಕದ್ದು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದೂ ಮಾರಯ್ಯ–ಲಕ್ಕಮ್ಮ ದಂಪತಿಗಳಿಗೆ ಕಾಯಕವೇ ಆಗಿತ್ತು. ಅಂದಮೇಲೆ ಒಬ್ಬ ಮನುಷ್ಯನನ್ನು ಬಾಳಿನುದ್ದಕ್ಕೂ ಪಡೆಯುವವನನ್ನಾಗಿಯೇ ಉಳಿಸಿ, ನೀಡುವ ಭಾಗ್ಯದಿಂದ ದೂರವಿಡುವ ಅಧಿಕಾರ ನಮಗೆಲ್ಲಿಯದು?

‘ಅವರಿಂದ ಏನಾದೀತು?’ ಎಂದು ನೀವು ಕೇಳಬಹುದು. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಮಿಟ್ಟಿ ಕೆಫೆ ಎಂಬ ಉಪಾಹಾರಗೃಹ ಆರಂಭವಾಯಿತು. ಬೌದ್ಧಿಕ ಅಂಗವೈಕಲ್ಯವುಳ್ಳವರೂ ಇತರ ಅಂಗವಿಕಲರೂ ಅಲ್ಲಿ ದುಡಿಯತೊಡಗಿದರು. 2023ರಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೂ ಅದರ ಶಾಖೆ ತೆರೆಯಿತು. ಇಂತಹ ಕಲಿಕೆಯಲ್ಲಿ ಪವಾಡವೇನೂ ಇಲ್ಲ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಚಿತ್ರಗಳ ನೆರವಿನಿಂದ ತಿಳಿಸಿ, ಕೈಗೆ ಹತ್ತುವವರೆಗೆ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು. ಬೇಕಾದುದು ತಾಳ್ಮೆ.

ಕಾನೂನು ಕೂಡ ಈ ಸತ್ಯವನ್ನು ತಡವಾಗಿ ಒಪ್ಪಿತು. 1995ರ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟು ಮೀಸಲಾತಿಯನ್ನಿತ್ತರೂ ಅದರಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ಪಾಲಿರಲಿಲ್ಲ. 2016ರ ಅಧಿನಿಯಮವು ಅದನ್ನು ಶೇಕಡ 4ಕ್ಕೇರಿಸಿ, ಅವರನ್ನೂ ಆಟಿಸಂ ಉಳ್ಳವರನ್ನೂ ಸೇರಿಸಿತು. ಆದರೆ ಸರ್ಕಾರಿ ಹುದ್ದೆಗಳು ದಕ್ಕುವುದು ಕೆಲವರಿಗೆ ಮಾತ್ರ. ಉಳಿದವರಿಗೆ ಬಾಗಿಲು ತೆರೆಯಬೇಕಾದವರು ನಾವು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಕೆಲಸ ಕೊಟ್ಟೆವೆಂಬ ಹೆಮ್ಮೆಯಲ್ಲಿ ನ್ಯಾಯವಾದ ಕೂಲಿಯನ್ನು ತಡೆಹಿಡಿದರೆ ಅದು ಉಪಕಾರವಲ್ಲ, ಶೋಷಣೆ. ಯಾವ ಕೆಲಸವನ್ನೂ ಮಾಡಲಾಗದ ಜೀವವೂ ಇದ್ದೀತು. ಅದರ ಬೆಲೆ ಎಳ್ಳಷ್ಟೂ ಕಡಿಮೆಯಲ್ಲ, ಅದನ್ನು ಪೊರೆಯುವುದೇ ನಮ್ಮ ದಾಸೋಹ. ಆದರೆ ‘ಆಗದು’ ಎಂಬ ತೀರ್ಪನ್ನು ಒಮ್ಮೆಯೂ ಪ್ರಯತ್ನಿಸದೆ ಕೊಡಲಾಗದು.

ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಇಂದು ಅಂಗಡಿ, ಮುದ್ರಣಾಲಯ, ತೋಟಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳೇ, ಸಾಮಾನು ಜೋಡಿಸುವ, ಹಾಳೆ ಮಡಿಸುವ, ಸಸಿಗೆ ನೀರೆರೆಯುವ ಒಂದು ಕೆಲಸ ನಿಮ್ಮಲ್ಲಿಲ್ಲವೇ? ‘ನಮ್ಮ ನಂತರ ಇವನ ಗತಿಯೇನು?’ ಎಂದು ಕೊರಗುವ ತಾಯಿಗೆ ಸಾಂತ್ವನದ ಮಾತು ಎಷ್ಟು ಹೇಳಿದರೂ ಸಾಲದು. ಮಗನು ತಿಂಗಳ ಕೊನೆಗೆ ತನ್ನ ದುಡಿಮೆಯ ಹಣವನ್ನು ತಂದು ಆಕೆಯ ಕೈಗಿಡಲಿ; ಆಕೆಗೆ ಉತ್ತರ ದೊರೆಯುವುದು ಅಂದೇ.