ನಿಂತಂತೆ ಕಾಣುವ ಚಕ್ರ

ಅಕ್ಕಿ ಗಿರಣಿಯೊಂದರ ಬ್ಲೋವರ್ ಕಿರುಚುತ್ತಿತ್ತು. ನಿಲ್ಲಿಸಿ ನೋಡಿದರೆ ಏನೂ ಇಲ್ಲ. ಬೆಲ್ಟುಗಳು ಜಾಗದಲ್ಲೇ ಇವೆ, ಬೇರಿಂಗ್ ಕೈಗೆ ಸಲೀಸಾಗಿ ತಿರುಗುತ್ತದೆ, ಬೋಲ್ಟುಗಳೆಲ್ಲ ಭದ್ರ. ಸ್ವಿಚ್ ಹಾಕಿದ ಕೂಡಲೇ ಮತ್ತದೇ ಕೂಗು. ಡಾಕ್ಟರ ಬಾಗಿಲಿಗೆ ಹೋದೊಡನೆ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ತಿರುಗುವ ಯಂತ್ರದ ಕಾಯಿಲೆ ಬಹುಮಟ್ಟಿಗೆ ಇಂಥದ್ದೇ. ಓಡುವಾಗ ಮಾತ್ರ ಇರುತ್ತದೆ. ಓಡುವಾಗ ಕಣ್ಣಿಗೆ ಸಿಗುವುದಿಲ್ಲ.

ನನ್ನ ಪರಿಚಯದ ಹಿರಿಯ ಫಿಟ್ಟರ್ ಒಬ್ಬರು ಬಂದು, ಪಾನಾ ಕೇಳುವ ಬದಲು ಸೀಮೆಸುಣ್ಣ ಕೇಳಿದರು. ನಿಂತ ಯಂತ್ರದ ನಾಲ್ಕು ವಿ-ಬೆಲ್ಟುಗಳ ಮೇಲೆ ಅಡ್ಡಲಾಗಿ ಒಂದೇ ಗೆರೆ ಎಳೆದರು. ಬೆಲ್ಟಿನ ಮೇಲಿನ ಜಾಲರಿಯ ಒಂದು ಮೂಲೆ ಎಂದೋ ಕಿತ್ತುಹೋಗಿತ್ತು. ಅದನ್ನು ನೋಡಿ ಮುಖ ಸಿಂಡರಿಸಿದರು. ಆಮೇಲೆ ಚೀಲದಿಂದ ಬ್ಯಾಟರಿಯಂಥ ಒಂದು ದೀಪ ತೆಗೆದು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡರು. ದೀಪ ಪಟಪಟನೆ ಮಿಣುಕತೊಡಗಿತು. ಅದರ ತಿರುಗುಗುಂಡಿಯನ್ನು ಸ್ವಲ್ಪ ಅತ್ತ, ಸ್ವಲ್ಪ ಇತ್ತ ತಿರುವುತ್ತಿದ್ದಂತೆ ಬೂದಿ ಬಣ್ಣದ ಮಬ್ಬು ಕರಗಿ, ಓಡುವ ಬೆಲ್ಟುಗಳು ಗಾಳಿಯಲ್ಲಿ ತಟಸ್ಥವಾಗಿ ನಿಂತವು. ಮೂರರ ಮೇಲಿನ ಬಿಳಿ ಗೆರೆ ಒಂದೇ ಸಾಲಿನಲ್ಲಿತ್ತು. ನಾಲ್ಕನೆಯದರ ಗೆರೆ ಮಾತ್ರ ಮೆಲ್ಲನೆ, ಜಾತ್ರೆಯಲ್ಲಿ ಕೈತಪ್ಪಿದ ಮಗುವಿನಂತೆ, ಹಿಂದೆ ಹಿಂದೆ ಸರಿಯುತ್ತಿತ್ತು. ಬೆಲ್ಟು ಜಾರುತ್ತಿದೆ. ಕೂಗು ಅದರದೇ.

ಆ ದೀಪಕ್ಕೆ ಸ್ಟ್ರೋಬ್ ಎನ್ನುತ್ತಾರೆ. ಅದರ ಲೆಕ್ಕ ಸರಳ. ಶಾಫ್ಟು ನಿಮಿಷಕ್ಕೆ 1440 ಸುತ್ತು ತಿರುಗುತ್ತಿದೆ ಎನ್ನೋಣ. ದೀಪವೂ ನಿಮಿಷಕ್ಕೆ 1440 ಸಲ ಮಿಂಚಿದರೆ, ಪ್ರತಿ ಮಿಂಚಿಗೂ ಶಾಫ್ಟು ಅದೇ ಜಾಗಕ್ಕೆ ಬಂದಿರುತ್ತದೆ. ನಡುವಿನ ಕತ್ತಲಲ್ಲಿ ಅದು ಎಲ್ಲಿಗೆ ಹೋಗಿ ಬಂತು ಎಂಬುದು ಕಣ್ಣಿಗೆ ತಿಳಿಯದು. ಮಿಂಚು ಎಷ್ಟು ಚಿಕ್ಕದಿರಬೇಕು ಎಂಬುದೂ ಮುಖ್ಯವೇ. ಎರಡು ಅಡಿ ಅಗಲದ ಫ್ಯಾನಿನ ರೆಕ್ಕೆಯ ತುದಿ ಈ ವೇಗದಲ್ಲಿ ಸೆಕೆಂಡಿಗೆ ಸುಮಾರು 45 ಮೀಟರ್ ಓಡುತ್ತದೆ. ಮಿಂಚು ಸೆಕೆಂಡಿನ ಲಕ್ಷದಲ್ಲೊಂದು ಪಾಲು ಇದ್ದರೆ ಅಷ್ಟರಲ್ಲಿ ಆ ತುದಿ ಸರಿಯುವುದು ಅರ್ಧ ಮಿಲಿಮೀಟರಿನಷ್ಟು. ರೆಕ್ಕೆಯ ಬಿರುಕೂ ಕಾಣುತ್ತದೆ, ಅದರ ಮೇಲೆ ಕೂತ ಧೂಳೂ ಕಾಣುತ್ತದೆ.

ಇನ್ನೂ ಚಂದವೆಂದರೆ ದೀಪವನ್ನು ಬೇಕೆಂದೇ ಸ್ವಲ್ಪ ತಪ್ಪಿಸುವುದು. ಮಿಂಚಿನ ಲಯವನ್ನು ಶಾಫ್ಟಿಗಿಂತ ಒಂದಿಷ್ಟು ಕಡಿಮೆ ಇಟ್ಟರೆ ಯಂತ್ರ ನಿಧಾನವಾಗಿ, ಎಮ್ಮೆ ಮೆಲುಕು ಹಾಕುವ ಗತಿಯಲ್ಲಿ, ಮುಂದಕ್ಕೆ ತಿರುಗುವಂತೆ ಕಾಣುತ್ತದೆ. ಕಪ್ಲಿಂಗಿನ ರಬ್ಬರು ಯಾವ ಕೋನದಲ್ಲಿ ನಲುಗುತ್ತಿದೆ, ಪುಲ್ಲಿ ಶಾಫ್ಟಿನ ಮೇಲೆ ಅಲುಗುತ್ತಿದೆಯೇ ಎಂಬುದನ್ನೆಲ್ಲ ಬಿಡುವಾಗಿ ನೋಡಬಹುದು. ಮಿಂಚನ್ನು ಸರಿಯಾಗಿ 1500ಕ್ಕೆ ನಿಲ್ಲಿಸಿದರೆ 1440ರ ಮೋಟಾರು ಸೆಕೆಂಡಿಗೊಂದು ಸುತ್ತಿನಂತೆ ಹಿಮ್ಮುಖವಾಗಿ ತಿರುಗಿದಂತೆ ತೋರುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವದ ಮೋಟಾರು ಆ 1500ಕ್ಕಿಂತ ಹಿಂದೆ ಬೀಳುವ ‘ಸ್ಲಿಪ್’ ಅಷ್ಟೇ. ಕೈಗಡಿಯಾರ ಹಿಡಿದು ಎಣಿಸಿಬಿಡಬಹುದು. ಹೊರೆ ಇಳಿದಂತೆ ಹಿನ್ನಡೆಯೂ ನಿಧಾನವಾಗುತ್ತದೆ.

ಬೆಲ್ಜಿಯಂನ ಜೋಸೆಫ್ ಪ್ಲಾಟೊ, ಆಸ್ಟ್ರಿಯದ ಸೈಮನ್ ಸ್ಟಾಂಫರ್ ಇಬ್ಬರೂ 1832ರ ಹೊತ್ತಿಗೆ ಸೀಳು ಕೊರೆದ ತಟ್ಟೆಗಳನ್ನು ತಿರುಗಿಸಿ ಈ ಆಟ ತೋರಿಸಿದ್ದರು. ವಿದ್ಯುತ್ ಮಿಂಚಿನ ಸ್ಟ್ರೋಬನ್ನು ಕೆಲಸದ ಉಪಕರಣವಾಗಿಸಿದವರಲ್ಲಿ ಅಮೆರಿಕದ ಎಂಐಟಿಯ ಹೆರಾಲ್ಡ್ ಎಜರ್ಟನ್ ದೊಡ್ಡ ಹೆಸರು. ಹಾಲಿನ ಹನಿ ಬಿದ್ದು ಕಿರೀಟವಾಗುವ ಚಿತ್ರ, ಸೇಬನ್ನು ಸೀಳಿಹೋಗುವ ಗುಂಡಿನ ಚಿತ್ರ ಅವರವೇ. ಆದರೆ ಅವರು ಈ ದೀಪಕ್ಕೆ ಕೈಹಾಕಿದ್ದು ಚಿತ್ರ ತೆಗೆಯಲಿಕ್ಕಲ್ಲ. 1931ರಲ್ಲಿ ಮುಗಿಸಿದ ಡಾಕ್ಟರೇಟಿಗಾಗಿ, ಓಡುತ್ತಿರುವ ಸಿಂಕ್ರೊನಸ್ ಮೋಟಾರಿನ ಒಳಗೆ ಏನಾಗುತ್ತಿದೆ ಎಂದು ನೋಡಲಿಕ್ಕೆ. ಹಾಲಿನ ಹನಿ ಆಮೇಲೆ ಬಂತು. ಮೊದಲು ಬಂದದ್ದು ಮೋಟಾರು. ಚಿತ್ರಪ್ರೇಮಿಗಳಿಗೆ ಇದು ಅಷ್ಟು ನೆನಪಿರುವುದಿಲ್ಲ.

ನೂಲಿನ ಗಿರಣಿಗಳಿಗಂತೂ ಈ ದೀಪ ಹಳೆಯ ನೆಂಟ. ಗೋಕಾಕ ಫಾಲ್ಸ್, ದಾವಣಗೆರೆಯ ಗಿರಣಿಗಳಲ್ಲಿ ದುಡಿದವರ ಮನೆಗಳಲ್ಲಿ ಕದಿರು, ಹುರಿ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಿಲ್ಲ. ಇಂದಿನ ರಿಂಗ್ ಫ್ರೇಮಿನ ಒಂದೊಂದು ಕದಿರೂ ನಿಮಿಷಕ್ಕೆ ಹದಿನೈದು, ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಸಾಲಿನಲ್ಲಿ ಒಂದೇ ಒಂದು ಕದಿರು ಸೋಮಾರಿಯಾದರೂ ಅದರ ನೂಲಿಗೆ ಹುರಿ ಸಾಲದು, ಮುಂದೆ ಮಗ್ಗದಲ್ಲಿ ಹರಿಯುತ್ತದೆ. ಎಲ್ಲವೂ ಒಂದೇ ಮಬ್ಬಾಗಿ ತಿರುಗುವ ಸಾಲಿನ ಮೇಲೆ ಸ್ಟ್ರೋಬ್ ಬಿಟ್ಟರೆ ಸರಿಯಿರುವವು ನಿಂತಂತೆ ಕಾಣುತ್ತವೆ, ಸೋಮಾರಿ ಮಾತ್ರ ತಿರುಗುತ್ತಾ ಸಿಕ್ಕಿಬೀಳುತ್ತದೆ. ಈ ತಿರುವುಮುರುವು ನನಗೆ ಬಹಳ ಇಷ್ಟ.

ಆದರೆ ಸ್ಟ್ರೋಬ್ ಸತ್ಯಸಂಧನಲ್ಲ. ಮಿಂಚನ್ನು 1440ರ ಬದಲು ಅರ್ಧಕ್ಕೆ, 720ಕ್ಕೆ ಇಳಿಸಿದರೂ ಶಾಫ್ಟು ಅಷ್ಟೇ ಅಚ್ಚುಕಟ್ಟಾಗಿ ನಿಂತು ತೋರಿಸುತ್ತದೆ. 480ಕ್ಕೂ ಅಷ್ಟೇ. ಎರಡು ಸುತ್ತಿಗೊಮ್ಮೆ, ಮೂರು ಸುತ್ತಿಗೊಮ್ಮೆ ನೋಡಿದರೂ ಅದೇ ಮುಖವಲ್ಲವೇ. ದುಪ್ಪಟ್ಟು, 2880 ಮಾಡಿದರೆ ಒಂದು ಗೆರೆ ಎರಡಾಗುತ್ತದೆ. ಆದ್ದರಿಂದ ಬಲ್ಲವರು ಮೇಲಿನಿಂದ ಇಳಿಯುತ್ತಾ ಬರುತ್ತಾರೆ. ಗೆರೆ ಮೊದಲ ಬಾರಿಗೆ ಒಂದೇ ಆಗಿ ನಿಂತ ಲೆಕ್ಕವೇ ನಿಜವಾದ ವೇಗ. ಮೂರು ರೆಕ್ಕೆಯ ಫ್ಯಾನಾದರೆ ಒಂದು ರೆಕ್ಕೆಗೆ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಮೂರು ಪಟ್ಟು ವೇಗದ ಮಿಂಚಿಗೂ ಅದು ಮೂರೇ ರೆಕ್ಕೆ ತೋರಿಸಿ ಯಾಮಾರಿಸುತ್ತದೆ. ಸೀಮೆಸುಣ್ಣ ಮೊದಲು ಬೇಕಾದದ್ದು ಅದಕ್ಕೇ.

ಈ ಮೋಸಕ್ಕೆ ಸ್ಟ್ರೋಬೇ ಬೇಕೆಂದಿಲ್ಲ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತದೆ. ಅದರ ಕೆಳಗೆ ನಿಮಿಷಕ್ಕೆ 2000 ಸುತ್ತು ತಿರುಗುವ ಲೇತಿನ ಮೂರು ದವಡೆಯ ಚಕ್ ನಿಂತಂತೆ ಕಾಣಬಲ್ಲದು. ವರ್ಕ್‌ಶಾಪುಗಳಲ್ಲಿ ಲೇತಿನ ನೆತ್ತಿಗೆ ಹಳದಿ ಬಲ್ಬು ಇಳಿಬಿಡುತ್ತಿದ್ದುದು, ಅಕ್ಕಪಕ್ಕದ ಟ್ಯೂಬ್‌ಲೈಟುಗಳನ್ನು ಬೇರೆಬೇರೆ ಫೇಸಿಗೆ ಜೋಡಿಸುತ್ತಿದ್ದುದು ಇದೇ ಭಯಕ್ಕೆ. ಸ್ಟ್ರೋಬಿನ ಜೊತೆಗೆ ಬರುವ ಎಚ್ಚರಿಕೆ ಚೀಟಿಯಲ್ಲಿ ಇನ್ನೊಂದು ಮಾತೂ ಇರುತ್ತದೆ: ಮೂರ್ಛೆರೋಗ ಇರುವವರು ದೂರವಿರಬೇಕು. ಸೆಕೆಂಡಿಗೆ 3ರಿಂದ 30ರವರೆಗಿನ ಮಿಂಚು ಕೆಲವರಲ್ಲಿ ಫಿಟ್ಸ್ ತರಿಸಬಹುದು. ನಮ್ಮ 1440 ಎಂದರೆ ಸೆಕೆಂಡಿಗೆ 24, ಸರಿಯಾಗಿ ಅದರ ನಡುವೆಯೇ ಬೀಳುತ್ತದೆ.

ಗಿರಣಿಯಲ್ಲಿ ಆದದ್ದು ಇಷ್ಟು. ಒಂದು ಬೆಲ್ಟು ಹರಿದಾಗ ಅದೊಂದನ್ನೇ ಹೊಸದಾಗಿ ಹಾಕಿದ್ದರು. ಹಳೆಯವು ಹಿಗ್ಗಿದ್ದವು, ಹೊಸದು ಬಿಗಿ. ಹೊರೆಯ ಬಹುಪಾಲು ಹೊಸದರ ಮೇಲೆ ಬಿದ್ದು, ಎಲ್ಲಕ್ಕಿಂತ ಸಡಿಲವಾಗಿದ್ದ ಹಳೆಯದೊಂದು ಜಾರುತ್ತಿತ್ತು. ನಾಲ್ಕನ್ನೂ ಒಟ್ಟಿಗೆ ಬದಲಿಸಿ ಎಂದರು ಫಿಟ್ಟರ್. ಮೂರು ಚೆನ್ನಾಗಿಯೇ ಇವೆಯಲ್ಲ ಎಂದು ಮಾಲೀಕರು ಗೊಣಗಿದರು, ಗೊಣಗುತ್ತಲೇ ತರಿಸಿದರು.

ಹೊಸ ಸೆಟ್ ಹಾಕಿ, ಮತ್ತೆ ಗೆರೆ ಎಳೆದು, ಮತ್ತೆ ದೀಪ ಹಿಡಿದರು. ನಾಲ್ಕೂ ಗೆರೆ ಒಂದೇ ಸಾಲು, ಅಲುಗಾಟವಿಲ್ಲ. ಮಾಲೀಕರಿಗೆ ಬೆರಗು. “ಅರೆ, ನಿಂತೇಬಿಟ್ಟಿದೆಯಲ್ಲ!” ಎನ್ನುತ್ತಾ ಜಾಲರಿ ಕಿತ್ತ ಮೂಲೆಯ ಕಡೆಗೆ ಬೆರಳು ಚಾಚಿದರು. ಫಿಟ್ಟರ್ ಅವರ ಎಡಗೈ ಆವತ್ತು ಮೊದಲ ಬಾರಿಗೆ ಜೇಬಿನಿಂದ ಹೊರಬಂದು ಆ ಮುಂಗೈಯನ್ನು ಹಿಡಿಯಿತು. ಆಮೇಲೆ ದೀಪ ಆರಿಸಿದರು.