ವಿಧಿಯಂತೆ ಹೋರಾಡುವದು

ಪಂದ್ಯದಲ್ಲಿ ಮುಂದಾದವನಾದರೂ ವಿಧಿಯನ್ನು ಮೀರಿದ್ದರೆ ಅವನಿಗೆ ಕಿರೀಟವಿಲ್ಲವೆಂದು ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ತಿಳಿಸುತ್ತಾನೆ (2 ತಿಮೊ. 2:5). ಗ್ರೀಕರ ಒಲಿಂಪಿಯದಲ್ಲಿ ಪಂದ್ಯಗಾರರು ತಾವು ಹತ್ತು ತಿಂಗಳು ಸಾಧನೆ ಮಾಡಿದ್ದೇವೆಂದು ಆಣೆಯಿಡಬೇಕಾಗಿತ್ತು. ಹುಡುಗರನ್ನು ಪರೀಕ್ಷಿಸಿ ಸೇರಿಸಿಕೊಳ್ಳುವವರು ಸಹ ಲಂಚವಿಲ್ಲದೆ ತೀರ್ಪು ಮಾಡುವೆವೆಂದು ಆಣೆಯಿಡುತ್ತಿದ್ದರು. ಆಗಲೂ ಹುಡುಗರ ವಯಸ್ಸು ತೊಡಕಿನ ಸಂಗತಿಯೇ!

ಈಗ ಮಹದೇವಪುರದ ಮಕ್ಕಳೂ ಗಣಿತದ ಒಲಿಂಪಿಯಾಡಿನಂಥ ಪರೀಕ್ಷೆಗಳಿಗೆ ಕೂಡ್ರುವದುಂಟು. 1996ರಲ್ಲಿ ಮುಂಬಯಿಯಲ್ಲಿಯೂ ಜರುಗಿದ ಆ ಅಂತರರಾಷ್ಟ್ರೀಯ ಸ್ಪರ್ಧೆಗೆ 20 ವರುಷ ತುಂಬದವರೂ ವಿಶ್ವವಿದ್ಯಾಲಯವನ್ನು ಸೇರದವರೂ ಮಾತ್ರವೇ ಯೋಗ್ಯರು. ಅರ್ಜಿಯಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಯಾರಿಗೆ ನಷ್ಟವೆಂದು ಕೆಲವರು ಕೇಳುತ್ತಾರೆ. ಒಂದು ದೇಶದಿಂದ ಹೋಗುವವರು 6 ಮಂದಿಗೆ ಮೀರರು. ಅಯೋಗ್ಯನೊಬ್ಬನು ಆ ಪಟ್ಟಿಯಲ್ಲಿ ಕುಳಿತರೆ ಯೋಗ್ಯನಾದ ಬಾಲಕನೊಬ್ಬನು ಹೊರಗೆ ನಿಲ್ಲುತ್ತಾನೆ. ತನ್ನನ್ನು ನೂಕಿದವರಾರೆಂದು ಅವನಿಗೆ ತಿಳಿಯುವದೂ ಇಲ್ಲ. ನಿಯಮವು ಸ್ಪಷ್ಟವಾಗದಿದ್ದರೆ ಪರೀಕ್ಷೆಯನ್ನು ನಡಿಸುವವರಿಗೇ ಮುಂಚಿತವಾಗಿ ಬರೆದು ಕೇಳುವದಕ್ಕೆ ನಾಚಿಕೆಯೇನು?

ಯಾಕೋಬನನ್ನು ನೆನಸಿರಿ. ಚೊಚ್ಚಲಮಗನಿಗೆ ಸಲ್ಲುವ ಆಶೀರ್ವಾದಕ್ಕಾಗಿ ಅವನು ತಾನೇ ಏಸಾವನೆಂದು ಕಣ್ಣು ಮಬ್ಬಾದ ತಂದೆಗೆ ಹೇಳಿದನು. ಆದರೆ ಆಡುಮರಿಗಳ ಚರ್ಮವನ್ನು ಅವನ ಕೈಗೆ ಸುತ್ತಿದವಳು ತಾಯಿಯಾದ ರೆಬೆಕ್ಕಳು. ಮಗನಾದರೋ ಮೊದಲು ಅಂಜಿದ್ದನು. ಮಕ್ಕಳ ಅರ್ಜಿಗೆ ರುಜು ಹಾಕುವ ತಾಯಿತಂದೆಗಳು ಈ ಮಾತನ್ನು ಎರಡು ಸಾರಿ ಓದಲಿ. ಆಶೀರ್ವಾದವು ದೊರೆಯಿತು, ಮನೆಯು ತಪ್ಪಿತು. ಕೆಲವು ದಿವಸಗಳಿಗೆಂದು ಲಾಬಾನನ ಬಳಿಗೆ ಕಳುಹಿಸಿದ ಮಗನ ಮುಖವನ್ನು ಆ ತಾಯಿಯು ತಿರಿಗಿ ಕಂಡಳೆಂದು ಗ್ರಂಥವು ಎಲ್ಲಿಯೂ ಹೇಳುವದಿಲ್ಲ.